ಮೊಮ್ಮಕ್ಕಳೊಡನೆ ಆಡುವುದೂ ಕಾಯಕವೇ

ಮನುಷ್ಯನಿಗೆ ಮಗು ಹುಟ್ಟಿದಾಗ ಆಗುವ ಸಂತೋಷ ಒಂದು ಬಗೆಯದು, ಮೊಮ್ಮಗು ಹುಟ್ಟಿದಾಗ ಆಗುವ ಸಂತೋಷ ಇನ್ನೊಂದು ಬಗೆಯದು. ಮೊದಲನೆಯದರಲ್ಲಿ ಹೊಣೆಯ ಭಾರ ಬೆರೆತಿರುತ್ತದೆ. ಎರಡನೆಯದರಲ್ಲಿ ಭಾರ ಇಳಿದವನ ನಿರಾಳ ಇರುತ್ತದೆ. ಅಸಲಿಗಿಂತ ಬಡ್ಡಿಯ ಮೇಲೆಯೇ ಪ್ರೀತಿ ಹೆಚ್ಚು ಎಂದು ನಮ್ಮ ಹಳ್ಳಿಯ ಹಿರಿಯರು ನಗೆಯಾಡುವುದುಂಟು. ಸಾಲಗಾರನಿಗೆ ಕಹಿಯಾಗಿ ಕೇಳುವ ಬಡ್ಡಿಯೆಂಬ ಮಾತು ಸಿಹಿಯಾಗುವುದು ತಾತನ ಬಾಯಲ್ಲಿ ಮಾತ್ರ.

ಆದರೆ ಶ್ರೀಮಠಕ್ಕೆ ಬರುವ ಹಿರಿಯ ಭಕ್ತರು ಇದಕ್ಕೆ ವಿರುದ್ಧವಾದ ಒಂದು ಅಳಲನ್ನೂ ನಮ್ಮ ಮುಂದೆ ತೋಡಿಕೊಳ್ಳುತ್ತಾರೆ. "ಬುದ್ಧಿ, ವಯಸ್ಸಾಯ್ತು. ಹೊಲಗದ್ದೆ ಕೈಲಾಗದು. ಇನ್ನಾದರೂ ಪೂಜೆ, ಜಪ ಮಾಡಿಕೊಂಡು ಇರೋಣವೆಂದರೆ ಮೊಮ್ಮಕ್ಕಳು ಬಿಡವು. ದಿನವೆಲ್ಲ ಅವುಗಳ ಆಟದಲ್ಲೇ ಕಳೆದುಹೋಗುತ್ತದೆ. ನಮಗೆ ಗತಿ ಏನು?" ಎಂದು ಕೇಳುತ್ತಾರೆ. ಆಡಿದ ದಿನವೆಲ್ಲ ವ್ಯರ್ಥವಾಯಿತು ಎಂಬ ಭಾವ ಈ ಪ್ರಶ್ನೆಯ ಒಳಗೆ ಅಡಗಿದೆ. ಆ ಭಾವ ತಪ್ಪು ಎಂಬುದನ್ನು ಹೇಳುವುದಕ್ಕಾಗಿಯೇ ಇಂದಿನ ಈ ಮಾತುಗಳು.

ಕಾಯಕವೆಂದರೆ ನೇಗಿಲು, ಮಗ್ಗ, ತಕ್ಕಡಿಗಳಷ್ಟೇ ಅಲ್ಲ. ಯಾವ ಕೆಲಸದಿಂದ ಇನ್ನೊಂದು ಜೀವ ಅರಳುವುದೋ, ಯಾವ ಕೆಲಸವನ್ನು ಫಲದ ಲೆಕ್ಕವಿಡದೆ ಮಾಡುವೆವೋ ಅದೆಲ್ಲವೂ ಕಾಯಕವೇ. ಆ ದೃಷ್ಟಿಯಿಂದ ನೋಡಿದರೆ ಮೊಮ್ಮಗುವಿನೊಡನೆ ಒಂದು ದಿನ ಮನಸಾರೆ ಆಡುವುದಕ್ಕಿಂತ ದೊಡ್ಡ ಕಾಯಕ ಮುಪ್ಪಿನಲ್ಲಿ ಬೇರೆ ಯಾವುದಿದೆ? ಅತ್ತು ಕರೆಯುವ ಕೂಸನ್ನು ದೂರ ತಳ್ಳಿ ಹಿಡಿದ ಜಪಮಾಲೆ ಬೆರಳಿನಲ್ಲಿ ತಿರುಗೀತೇ ಹೊರತು ಮನಸ್ಸಿನಲ್ಲಿ ತಿರುಗಲಾರದು.

ನಾವು ಕಣ್ಣಾರೆ ಕಂಡ ಒಂದು ದಿನವನ್ನು ಇಲ್ಲಿ ಹೇಳಬೇಕು. ಹಿಂದೊಂದು ಬೇಸಿಗೆಯಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಸಂಜೆ ಊರ ಗುಡಿಯಲ್ಲಿ ಪ್ರವಚನವಿತ್ತು. ಬೆಳಗ್ಗೆಯೇ ತಲುಪಿದ್ದರಿಂದ ಭಕ್ತರೊಬ್ಬರ ಮನೆಯಲ್ಲಿ ನಮಗೆ ಪೂಜೆ, ಪ್ರಸಾದ, ವಿಶ್ರಾಂತಿಯ ವ್ಯವಸ್ಥೆಯಾಗಿತ್ತು. ಮನೆಯ ಯಜಮಾನರಿಗೆ ಎಪ್ಪತ್ತರ ಆಸುಪಾಸು, ಅವರ ಮನೆಯವರಿಗೆ ನಾಲ್ಕೈದು ವರ್ಷ ಕಡಿಮೆ. ಇಬ್ಬರು ಗಂಡುಮಕ್ಕಳೂ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ. ಬೇಸಿಗೆ ರಜೆಗೆಂದು ಬಂದಿದ್ದ ಮೊಮ್ಮಕ್ಕಳು ಮೂವರು: ಏಳು ವರ್ಷದ ಹುಡುಗಿ, ಐದು ವರ್ಷದ ಹುಡುಗ, ಇನ್ನೂ ಎರಡು ತುಂಬದ ಒಂದು ಗಂಡುಕೂಸು. ಮಕ್ಕಳ ತಂದೆ ತಾಯಂದಿರೆಲ್ಲ ಅಂದು ಶ್ರೀರಂಗಪಟ್ಟಣದಲ್ಲಿ ನಡೆದ ನೆಂಟರ ಮದುವೆಗೆ ಹೋಗಿದ್ದರು. ಬೆಳಗಿನಿಂದ ಸಂಜೆಯವರೆಗೆ ಮೂವರೂ ಅಜ್ಜಿ ತಾತನ ಪಾಲು.

ನಾವು ಪೂಜೆ ಮುಗಿಸಿ ಹಜಾರಕ್ಕೆ ಬಂದಾಗ ಕಂಡ ನೋಟ ಇನ್ನೂ ಕಣ್ಣಮುಂದಿದೆ. ಯಜಮಾನರು ಮಂಡಿಯೂರಿ ಆನೆಯಾಗಿದ್ದರು. ಹೆಗಲ ಮೇಲಿನ ಟವೆಲ್ಲನ್ನು ಬಾಯಲ್ಲಿ ಕಚ್ಚಿ ಸೊಂಡಿಲು ಮಾಡಿಕೊಂಡಿದ್ದರು. ಬೆನ್ನ ಮೇಲೆ ಮೊಮ್ಮಗ ಮಹಾರಾಜನಂತೆ ಕುಳಿತಿದ್ದ. ದಸರಾ ಮೆರವಣಿಗೆ ನಡೆಯುತ್ತಿತ್ತು. "ತಾತಾ, ಬನ್ನಿಮಂಟಪ ಬಂತಾ?" ಎಂದು ಹುಡುಗ ಕೇಳುತ್ತಿದ್ದ. "ಇನ್ನೂ ಕಿರಂಗೂರು ದೂರ ಅದೆ ಮಗಾ" ಎಂದು ಆನೆ ಉತ್ತರ ಕೊಡುತ್ತಿತ್ತು. ಮೈಸೂರಿನ ದಸರೆ ಮೊದಲು ಆರಂಭವಾದದ್ದು 1610ರಲ್ಲಿ ರಾಜ ಒಡೆಯರ ಕಾಲದಲ್ಲಿ, ನಮ್ಮ ಶ್ರೀರಂಗಪಟ್ಟಣದಲ್ಲೇ ಎಂಬುದನ್ನು ಆ ಹುಡುಗ ಅಂದು ಯಾವ ಪುಸ್ತಕವನ್ನೂ ತೆರೆಯದೆ, ತಾತನ ಬೆನ್ನ ಮೇಲೆ ಕುಳಿತು ಕಲಿತ.

ನಮ್ಮನ್ನು ಕಂಡೊಡನೆ ಯಜಮಾನರು ನಾಚಿಕೊಂಡು ಎದ್ದರು. "ತಪ್ಪಾಯ್ತು ಬುದ್ಧಿ. ಈ ಐಕ್ಳು ಬುಡಾಕಿಲ್ಲ ಅಂತವೆ" ಎಂದು ಕೈಮುಗಿದರು. "ಏಳಬೇಡಿ ಯಜಮಾನರೇ, ಮೆರವಣಿಗೆ ಅರ್ಧಕ್ಕೆ ನಿಲ್ಲಬಾರದು" ಎಂದೆವು. ಹುಡುಗನಿಗೆ ಮಠದ ಅಪ್ಪಣೆಯೇ ಸಿಕ್ಕಂತಾಯಿತು. ಆನೆ ಮತ್ತೆ ನಡೆಯಿತು.

ಬೆಳಗ್ಗೆ ಎದ್ದೊಡನೆ ಆ ಹುಡುಗ ಮೊಬೈಲು ಬೇಕೆಂದು ಹಟ ಹಿಡಿದಿದ್ದನಂತೆ. ಅಜ್ಜಿ ಅದನ್ನು ರಾಗಿ ತುಂಬಿದ ಡಬ್ಬದೊಳಗೆ ಹೂತಿಟ್ಟು, "ಚಾರ್ಜು ಮುಗ್ದೋಗದೆ ಮಗಾ, ಕರೆಂಟೂ ಇಲ್ಲ" ಎಂದುಬಿಟ್ಟಿದ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಸುಳ್ಳಾಡಬಾರದೆಂದು ಊರೂರಿಗೆ ಹೇಳುತ್ತ ತಿರುಗುವ ನಾವು ಆ ಮಾತನ್ನು ಕೇಳಿಯೂ ಕೇಳದವರಂತೆ ಕುಳಿತೆವು.

ಮೆರವಣಿಗೆಯಾದ ಮೇಲೆ ಅಟ್ಟದಿಂದ ಅಳಗುಳಿಮಣೆ ಇಳಿಯಿತು. ಧೂಳು ಒರೆಸಿ, ಹುಣಸೆಬೀಜ ತಂದು ಅಜ್ಜಿ ಕುಳಿತರು. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಹಾಕಿದರೆ ಎಷ್ಟು ಬೀಜ ಬೇಕು? ಹುಡುಗ ಒಂದೊಂದಾಗಿ ಎಣಿಸಿ 56 ಎಂದ. ಐದರಂತೆ ಹಾಕಿದರೆ? ಮತ್ತೆ ಎಣಿಸಿ 70 ಎಂದ. ಶಾಲೆಯಲ್ಲಿ ಮಗ್ಗಿ ಎಂದರೆ ಅಳುವ ಹುಡುಗನೆಂದು ಮನೆಯವರು ಹೇಳಿದ್ದರು. ಇಲ್ಲಿ ಅಳುವುದಿರಲಿ, ಎಣಿಸುವುದನ್ನು ಬಿಡಿಸುವುದೇ ಕಷ್ಟವಾಗಿತ್ತು. ಅದಾದ ಮೇಲೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಚೌಕಾಬಾರದ ಮನೆ ಬರೆದರು. ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು 25 ಮನೆ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕಾಯಿ ಕಡಿಸಿಕೊಂಡವನು ಮತ್ತೆ ಮೊದಲ ಮನೆಯಿಂದ ಹೊರಡಬೇಕು. ಸೋತವನು ಎದ್ದು ಹೋಗದೆ ಮತ್ತೆ ಕವಡೆ ಹಿಡಿಯಬೇಕೆಂಬ ಪಾಠ ಅದರಲ್ಲೇ ಇದೆ.

ಇವು ಹಳ್ಳಿಗರ ಹೊತ್ತು ಕಳೆಯುವ ಆಟಗಳೆಂದು ಹಗುರವಾಗಿ ಕಾಣುವವರುಂಟು. ಕೃಷ್ಣರಾಜಪೇಟೆಯನ್ನು ಹಿಂದೆ ಅತ್ತಿಗುಪ್ಪೆ ಎಂದು ಕರೆಯುತ್ತಿದ್ದ ಕಾಲದಲ್ಲಿ ಮೈಸೂರನ್ನು ಆಳಿದ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟ, ಎಲೆಯಾಟಗಳಲ್ಲಿ ದೊಡ್ಡ ಪಂಡಿತರಾಗಿದ್ದರು. ಅವರ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥದ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಇಂಥ ಆಟಗಳಿಗಾಗಿಯೇ ಮೀಸಲಾಗಿದೆ. ದೇವತೆಗಳ ಧ್ಯಾನಗಳಿರುವ ಗ್ರಂಥದಲ್ಲಿ ಆಟಕ್ಕೂ ಒಂದು ಸ್ಥಾನ ಕೊಟ್ಟ ಅರಸರಿಗೆ ಆಟದ ಬೆಲೆ ತಿಳಿದಿತ್ತು. ನಮ್ಮ ಮನೆಯ ಅಟ್ಟದ ಮೇಲೆ ಧೂಳು ತಿನ್ನುವ ಮಣೆಗೆ ಆ ಬೆಲೆ ಮರಳಿ ಬರಬೇಕು.

ಇನ್ನು ಕಥೆ, ಹಾಡು, ಒಗಟುಗಳ ಮಾತು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್. ಎಲ್. ನಾಗೇಗೌಡರು ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದವರು. ಆದರೆ ನಾಡು ಅವರನ್ನು ನೆನೆಯುವುದು ಹಳ್ಳಿಯ ಹಾಡು, ಕಥೆಗಳನ್ನು ಕೂಡಿಸಿಟ್ಟದ್ದಕ್ಕಾಗಿ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಅಂಥ ಸಂಪತ್ತಿನ ಬಹುಪಾಲು ಇದ್ದುದು ಎಲ್ಲಿ? ಅಕ್ಷರ ಕಲಿಯದ ಅಜ್ಜಿಯರ ನಾಲಗೆಯ ಮೇಲೆ. ರಾಗಿ ಬೀಸುತ್ತ, ತೊಟ್ಟಿಲು ತೂಗುತ್ತ, ಮಗುವಿಗೆ ತುತ್ತು ಉಣ್ಣಿಸುತ್ತ ಅವರು ಅದನ್ನು ಉಳಿಸಿದರು. ಪಂಡಿತರು ಬಂದು ಬರೆದುಕೊಳ್ಳುವುದಕ್ಕೆ ಮೊದಲೇ ಮೊಮ್ಮಕ್ಕಳು ಕೇಳಿಸಿಕೊಂಡಿದ್ದರು. ಇಂದು ಕೇಳುವ ಮೊಮ್ಮಗು ಇಲ್ಲದಿದ್ದರೆ ಹೇಳುವ ಅಜ್ಜಿಯ ನಾಲಗೆಯೂ ಮರೆತುಹೋಗುತ್ತದೆ.

ಅಂದು ಮಧ್ಯಾಹ್ನ ಆ ಮನೆಯಲ್ಲಿ ನಾವು ಇನ್ನೊಂದು ಸಂಗತಿಯನ್ನೂ ಕಂಡೆವು. ಇದನ್ನು ಹೇಳದೆ ಬಿಟ್ಟರೆ ನಾವು ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ.

ಬೆಳಗಿನಿಂದ ನಡೆದ ಆಟದಲ್ಲೆಲ್ಲ ನಗುತ್ತಿದ್ದವನು ಆ ಹುಡುಗನೊಬ್ಬನೇ. ಏಳು ವರ್ಷದ ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ಸೊಂಟದ ಮೇಲೆ ಎರಡು ತುಂಬದ ತಮ್ಮ. ಅವನು ಅತ್ತರೆ ತೂಗುವಳು, ಮೂಗು ಸುರಿದರೆ ಒರೆಸುವಳು, ಮಧ್ಯೆ ಮಧ್ಯೆ ಒಳಗಿನಿಂದ ಅಜ್ಜಿ ಕೇಳಿದ್ದನ್ನು ತಂದುಕೊಡುವಳು. ಕಣ್ಣು ಮಾತ್ರ ಮಣೆಯ ಮೇಲೆಯೇ ಇತ್ತು. ನಾವು ಹತ್ತಿರ ಕರೆದು, "ನೀನು ಆಡೋದಿಲ್ಲವೇನಮ್ಮ?" ಎಂದು ಕೇಳಿದೆವು. "ನಾನು ದೊಡ್ಡೋಳು ಬುದ್ಧಿ" ಎಂದಳು. "ಎಷ್ಟು ವರ್ಷ?" ಎಂದೆವು. "ಏಳು" ಎಂದಳು.

ಅಜ್ಜಿ ಅದನ್ನು ಕೇಳಿ ಹೆಮ್ಮೆಯಿಂದಲೇ, "ಅವಳು ಬಲು ಜಾಣೆ ಬುದ್ಧಿ, ಕೂಸ ಕೆಳಗೆ ಬಿಡಾಕಿಲ್ಲ" ಎಂದರು. ಆ ತಾಯಿಯ ಮಾತಿನಲ್ಲಿ ಕೆಡುಕಿರಲಿಲ್ಲ. ಅವರೂ ಏಳನೆಯ ವಯಸ್ಸಿನಲ್ಲಿ ಹೀಗೆಯೇ ಕಂಬಕ್ಕೆ ಒರಗಿ ನಿಂತಿದ್ದಿರಬೇಕು. ನಾವು ಏನನ್ನೂ ಹೇಳಲಿಲ್ಲ. ಯಜಮಾನರು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲಿದ್ದ ಕವಡೆಯನ್ನೇ ನೋಡುತ್ತ ಕುಳಿತರು. ಆಮೇಲೆ ಎದ್ದು ಹೋಗಿ ಕೂಸನ್ನು ತಮ್ಮ ಹೆಗಲಿಗೆ ಹಾಕಿಕೊಂಡು, "ಬಾರವ್ವ, ಮೊದಲ ಕವಡೆ ನಿಂದು" ಎಂದರು. ಅವಳು ಒಮ್ಮೆ ಅಜ್ಜಿಯ ಮುಖ ನೋಡಿದಳು. ಬಂದು ಕುಳಿತಳು. ಬೆಳಗಿನಿಂದ ನೋಡಿ ನೋಡಿ ಆಟದ ಮರ್ಮವನ್ನೆಲ್ಲ ತಿಳಿದಿದ್ದಳೆಂದು ಕಾಣುತ್ತದೆ. ತಮ್ಮನ ಎರಡು ಕಾಯಿ ಕಡಿದು ಗೆದ್ದಳು. ಆ ಮಗುವಿನ ನಗೆ ನಾವು ಆ ಊರಿನಿಂದ ತಂದ ದೊಡ್ಡ ಕಾಣಿಕೆ.

ಇದು ಸಣ್ಣ ಸಂಗತಿಯೆಂದು ತಿಳಿಯಬೇಡಿ. ನಮ್ಮ ಜಿಲ್ಲೆಗೆ ಬಂದ ಒಂದು ಕಳಂಕದ ಬೇರು ಇಲ್ಲಿಯೇ ಇದೆ. 2023ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಬಸುರಿಯರ ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದವರ ಜಾಲ ಬೆಳಕಿಗೆ ಬಂತು. 2024ರ ಮೇ ತಿಂಗಳಿನಲ್ಲಿ ಪಾಂಡವಪುರದ ಸರ್ಕಾರಿ ವಸತಿಗೃಹವೊಂದರಲ್ಲಿಯೇ ಗರ್ಭಪಾತದ ಇಂಥ ಪಾಪಕೃತ್ಯ ಸಿಕ್ಕಿಬಿತ್ತು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಪವಿತ್ರ ಸ್ಥಳ ಆಲೆಮನೆ. ಅಲ್ಲಿ ಹೆಣ್ಣುಕೂಸಿನ ಮರಣಶಾಸನ ಬರೆಯಲಾಯಿತು ಎಂದರೆ ನಾಚಿಕೆಯಿಂದ ತಲೆ ತಗ್ಗುತ್ತದೆ. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸಿ 1994ರಲ್ಲಿಯೇ ಕಾಯ್ದೆಯಾಗಿದೆ. ಕಾಯ್ದೆ ಕಳ್ಳನನ್ನು ಹಿಡಿಯಬಲ್ಲದು, ಮನೆಯೊಳಗಿನ ಆಸೆಯನ್ನು ಹಿಡಿಯಲಾರದು.

ಆ ಆಸೆಯನ್ನು ಬಿತ್ತುವವರು ಯಾರು? ನಾವು ಹಿರಿಯರೇ ಅಲ್ಲವೆ? ಸೊಸೆ ಬಸುರಿಯಾದೊಡನೆ "ಗಂಡಾದರೆ ಚೆನ್ನ" ಎಂದು ಮೊದಲು ಬಾಯಿಬಿಡುವುದು ಅತ್ತೆ ಮಾವ. ಮೊಮ್ಮಗ ಹುಟ್ಟಿದರೆ ಊರಿಗೆಲ್ಲ ಸಕ್ಕರೆ, ಮೊಮ್ಮಗಳು ಹುಟ್ಟಿದರೆ "ಲಕ್ಷ್ಮಿ ಬಂದಳು ಬಿಡಿ" ಎಂಬ ಸಮಾಧಾನದ ಮಾತು. ಮೊಮ್ಮಗನಿಗೆ ತಾತನ ಬೆನ್ನು, ಮೊಮ್ಮಗಳಿಗೆ ತಮ್ಮನ ಭಾರ. ಏಳು ವರ್ಷಕ್ಕೇ ಆಟದಿಂದ ಹೊರಗೆ ನಿಲ್ಲಿಸಿದ ಮಗುವಿಗೂ, ಹುಟ್ಟುವ ಮೊದಲೇ ಹೊರಗೆ ಹಾಕಿದ ಮಗುವಿಗೂ ದೂರ ಬಹಳವಿದೆ, ಒಪ್ಪುತ್ತೇವೆ. ಆದರೆ ಎರಡೂ ಒಂದೇ ದಾರಿಯಲ್ಲಿವೆ. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಅವಿವಾಹಿತ ಯುವಕರು ಕನ್ಯೆ ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದರು. ನೋಡಿದವರು ನಕ್ಕರು. ನಗುವ ಸಂಗತಿಯೇ ಅದು? ವ್ಯವಸಾಯದ ಹುಡುಗರಿಗೆ ಹೆಣ್ಣು ಕೊಡಲು ಹಿಂದೇಟು ಹಾಕುವುದೂ ಅದಕ್ಕೆ ಕಾರಣವಿರಬಹುದು. ಆದರೆ ಹೆಣ್ಣುಮಗುವನ್ನು ಬೇಡವೆಂದ ಊರಿಗೆ ಒಂದು ತಲೆಮಾರು ಕಳೆದ ಮೇಲೆ ಸೊಸೆಯೂ ಸಿಗುವುದಿಲ್ಲ, ಮೊಮ್ಮಕ್ಕಳೂ ಸಿಗುವುದಿಲ್ಲ. ಅಸಲನ್ನೇ ಕಳೆದುಕೊಂಡವನಿಗೆ ಬಡ್ಡಿ ಎಲ್ಲಿಂದ ಬರಬೇಕು?

ಆದುದರಿಂದ ಹಿರಿಯರಲ್ಲಿ ನಮ್ಮ ಮೊದಲ ಮಾತು ಇದು: ಆಡುವ ದಿನ ಮೊದಲ ಕವಡೆಯನ್ನು ಮೊಮ್ಮಗಳ ಕೈಗೆ ಕೊಡಿ. ಅದನ್ನು ನೋಡುವ ಮೊಮ್ಮಗ ನಾಳೆ ತಂದೆಯಾಗುತ್ತಾನೆ. ಹೆಣ್ಣು ಗಂಡು ಸಮಾನವೆಂಬ ಭಾಷಣ ಅವನಿಗೆ ಬೇಕಾಗುವುದಿಲ್ಲ.

ಇನ್ನು ಮಕ್ಕಳು ಸೊಸೆಯಂದಿರಿಗೆ ಎರಡು ಮಾತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಅರ್ಧ ದಿನ ಹಿಡಿಯುತ್ತಿದ್ದ ದಾರಿ ಎರಡು ತಾಸಿಗೆ ಇಳಿಯಿತು. ದಾರಿ ಹತ್ತಿರವಾಯಿತು, ಬರುವುದು ದೂರವಾಯಿತು. ಬಂದವರೂ ಬೆಳಗ್ಗೆ ಬಂದು ಸಂಜೆ ಹೊರಡುತ್ತಾರೆ. ಮಕ್ಕಳು ಇಳಿದಲ್ಲಿಂದ ಹತ್ತುವವರೆಗೆ ಮೊಬೈಲಿನಲ್ಲಿ ಮುಖ ಹುದುಗಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಒಂದು ವರ್ಷದೊಳಗಿನ ಕೂಸಿಗೆ ಮೊಬೈಲು, ಟೀವಿ ತೋರಿಸಲೇಬಾರದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಲ್ಲದು, ಅದಕ್ಕೂ ಕಡಿಮೆಯಾದಷ್ಟು ಒಳ್ಳೆಯದು. ಮೂರು ಗಂಟೆಯಾದರೂ ಮೈಕೈ ಆಡಿಸಿ ಆಡಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಗುವಿನ ಮೆದುಳಿನ ಬೆಳವಣಿಗೆಯ ಶೇಕಡ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎನ್ನುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ. ಆ ಆರು ವರ್ಷಗಳಲ್ಲಿ ಮಗುವಿನೊಡನೆ ಮಾತನಾಡಲು ಪುರುಸೊತ್ತಿರುವವರು ಮನೆಯಲ್ಲಿ ಯಾರು? ಅಜ್ಜಿ ತಾತನೇ.

ಮೊಮ್ಮಗುವಿಗೂ ಅಜ್ಜಿಗೂ ಇರುವ ಈ ನಂಟು ಪ್ರಕೃತಿಯೇ ಹೆಣೆದದ್ದು. ಆನೆಗಳ ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ. ಮ್ಯಾನ್ಮಾರ್ ದೇಶದಲ್ಲಿ ಮರದ ದಿಮ್ಮಿ ಎಳೆಯುವ ಆನೆಗಳ ದಾಖಲೆಗಳನ್ನು ನೋಡಿದ ವಿಜ್ಞಾನಿಗಳಿಗೆ, ಅಜ್ಜಿ ಆನೆ ಜೊತೆಯಲ್ಲಿದ್ದ ಮರಿಗಳು ಹೆಚ್ಚಾಗಿ ಬದುಕುಳಿಯುವುದು ಕಂಡುಬಂದಿದೆ. ಆಫ್ರಿಕದ ತಾಂಜಾನಿಯದಲ್ಲಿ ಹಡ್ಜಾ ಎಂಬ ಬುಡಕಟ್ಟಿನವರಿದ್ದಾರೆ. ಅಲ್ಲಿ ತಾಯಿ ಹೊಸ ಕೂಸಿನ ಆರೈಕೆಯಲ್ಲಿರುವಾಗ ಅಜ್ಜಿ ಗೆಡ್ಡೆಗೆಣಸು ಅಗೆದು ತಂದು ದೊಡ್ಡ ಮಕ್ಕಳನ್ನು ಸಾಕುತ್ತಾಳೆ. ಮನುಷ್ಯ ದೀರ್ಘಾಯುಷಿಯಾದದ್ದಕ್ಕೆ ಈ ಅಜ್ಜಿಯರೇ ಕಾರಣವಿರಬಹುದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಆ ಯಜಮಾನರು ಆನೆಯಾದದ್ದು ಬರಿಯ ಆಟವಲ್ಲ ಎಂದು ನಮಗೆ ಆಮೇಲೆ ತೋರಿತು.

ಆದರೆ ಪ್ರೀತಿಯನ್ನು ಬಿಟ್ಟಿ ಚಾಕರಿ ಮಾಡಿಕೊಳ್ಳಬಾರದು. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅವರ ಕೂಸುಗಳನ್ನು ನೋಡಿಕೊಳ್ಳುವವಳು ಮಂಡಿನೋವಿನ ಅಜ್ಜಿ. ಬೆಂಗಳೂರಿನ ಮನೆಗಳಿಗೆ ಆರಾರು ತಿಂಗಳು ಹೋಗಿ ಬಾಗಿಲು ಹಾಕಿದ ಫ್ಲ್ಯಾಟಿನಲ್ಲಿ ಮಗು ನೋಡಿಕೊಂಡು, ಮಾತಿಗೆ ಜನವಿಲ್ಲದೆ ಬಾಡಿ ಬಂದ ತಾಯಂದಿರನ್ನು ನಾವು ಬಲ್ಲೆವು. ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ 2023ರಲ್ಲಿ ನಮ್ಮ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ಆರಂಭಿಸಿತು. ಸ್ವೀಡನ್ ದೇಶದಲ್ಲಿ 2024ರ ಜುಲೈನಿಂದ ತಂದೆ ತಾಯಿ ತಮಗೆ ಸಿಗುವ ಸಂಬಳಸಹಿತ ರಜೆಯಲ್ಲಿ ತಲಾ 45 ದಿನಗಳವರೆಗೆ ಮಗುವಿನ ಅಜ್ಜಿ ತಾತನಿಗೂ ಬಿಟ್ಟುಕೊಡಬಹುದು. ಅಂದರೆ ಮಗು ನೋಡಿಕೊಳ್ಳುವುದು ಕೆಲಸ, ಅದಕ್ಕೆ ಬೆಲೆಯಿದೆ ಎಂದು ಅಲ್ಲಿಯ ಸರ್ಕಾರ ಒಪ್ಪಿದೆ. ನಾವು ಹಣ ಕೊಡದಿದ್ದರೂ ಚಿಂತೆಯಿಲ್ಲ, ಮಾತಿನಲ್ಲಿಯಾದರೂ ಒಪ್ಪಬೇಡವೆ? "ದಿನವೆಲ್ಲ ಮನೆಯಲ್ಲೇ ಇದ್ದಿರಲ್ಲ, ಏನು ಮಾಡಿದಿರಿ?" ಎಂಬ ಮಾತನ್ನು ಮಗ ಸಂಜೆ ತಾಯಿಗೆ ಆಡಬಾರದು. ಮಗುವಿನ ಮುಂದೆಯಂತೂ ಹಿರಿಯರನ್ನು ಗದರಬಾರದು. ಮಗು ಅದನ್ನು ಮರೆಯುವುದಿಲ್ಲ, ನಾಳೆ ನಿಮಗೇ ಹಿಂದಿರುಗಿಸುತ್ತದೆ.

ಹಿರಿಯರನ್ನು ಕೈಬಿಟ್ಟವರಿಗಾಗಿ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯೂ ಇದೆ. ತಮ್ಮನ್ನು ತಾವು ಸಾಕಿಕೊಳ್ಳಲಾಗದ ಹಿರಿಯರು ಜೀವನಾಂಶಕ್ಕೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಗೂ ಆ ಕಚೇರಿ ಪಾಂಡವಪುರದಲ್ಲಿದೆ. ಕಾಯ್ದೆಯಲ್ಲಿ ಮಕ್ಕಳು ಎಂದರೆ ವಯಸ್ಸಿಗೆ ಬಂದ ಮೊಮ್ಮಕ್ಕಳೂ ಸೇರುತ್ತಾರೆ. ಆದರೆ ಇಂದು ಬೆನ್ನ ಮೇಲೆ ಕುಳಿತ ಮೊಮ್ಮಗು ನಾಳೆ ಕೋಲು ಹಿಡಿದ ಕೈಗೆ ಆಸರೆಯಾಗಬೇಕಾದದ್ದು ಕಚೇರಿಯ ನೋಟೀಸಿನಿಂದಲ್ಲ, ಆ ಬೆನ್ನಿನ ನೆನಪಿನಿಂದ. ಆ ನೆನಪನ್ನು ಇಂದೇ ಕಟ್ಟಬೇಕು.

ಹಿರಿಯರು ಪಾಲಿಸಬೇಕಾದ ಕೆಲವು ನೇಮಗಳೂ ಇವೆ. ಮೊಮ್ಮಗುವಿನ ಮುಂದೆ ಸೊಸೆಯ ತಪ್ಪು ಎತ್ತಿ ಆಡಬೇಡಿ. ತಾಯಿಯನ್ನು ಹಳಿದ ಅಜ್ಜಿಯ ಕಥೆ ಮಗುವಿಗೆ ರುಚಿಸುವುದಿಲ್ಲ. ಊಟ ಮಾಡಲೆಂದು ಗುಮ್ಮನ ಹೆಸರು ಹೇಳಿ ಹೆದರಿಸಬೇಡಿ, ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಿ ಹೀಯಾಳಿಸಬೇಡಿ. ಅಳಗುಳಿಮಣೆಯ ಹುಣಸೆಬೀಜ, ತಟ್ಟೆಯ ಕಡಲೆಕಾಯಿ ಬೀಜ ಚಿಕ್ಕ ಕೂಸಿನ ಬಾಯಿಗೆ ಹೋಗದಂತೆ ಕಣ್ಣಿಡಿ, ಗಂಟಲಿಗೆ ಸಿಕ್ಕಿದರೆ ಕ್ಷಣದಲ್ಲಿ ಅನಾಹುತ. ನಮ್ಮದು ನಾಲೆಗಳ ನಾಡು. ಕನ್ನಂಬಾಡಿಯ ನೀರು ನಮಗೆ ಅನ್ನ ಕೊಟ್ಟಿದೆ, ದುಃಖವನ್ನೂ ಕೊಟ್ಟಿದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಅದರಲ್ಲಿದ್ದರು. ಆ ಊರುಗಳ ಅಜ್ಜಿ ತಾತಂದಿರ ಸಂಕಟವನ್ನು ಯಾವ ಮಾತು ಹೇಳೀತು? ನಾಲೆ, ಕೆರೆ, ಕೃಷಿಹೊಂಡದ ಕಡೆಗೆ ಮಕ್ಕಳು ಹೊರಟರೆ ಹಿರಿಯರ ಕೈ ಅವರ ಕೈಯಲ್ಲಿರಲಿ.

ಮೊಮ್ಮಕ್ಕಳಿಲ್ಲದವರೂ, ಮೊಮ್ಮಕ್ಕಳು ದೂರದ ದೇಶದಲ್ಲಿರುವವರೂ ಇದ್ದಾರೆ. ಅವರು ನಮ್ಮ ಮಾತಿನಿಂದ ಮನಸ್ಸು ಸಣ್ಣದು ಮಾಡಿಕೊಳ್ಳಬಾರದು. ಊರಿನಲ್ಲಿ ಅಂಗನವಾಡಿ ಇದೆ. ಅಲ್ಲಿಯ ಮಕ್ಕಳಿಗೆ ಒಂದು ಕಥೆ ಹೇಳುವ ಅಜ್ಜಿ ಬಂದರೆ ಯಾವ ಶಿಕ್ಷಕಿ ಬೇಡವೆಂದಾಳು? ಪಕ್ಕದ ಮನೆಯ ಕೂಲಿಕಾರನ ಮಗುವೂ ನಿಮ್ಮ ಜಗಲಿಗೆ ಬಂದು ತಾತಾ ಎಂದರೆ ತಾತನಾಗಲು ರಕ್ತಸಂಬಂಧದ ಚೀಟಿ ಬೇಕಿಲ್ಲ. ಜಾತಿ ಕೇಳದೆ ಮಡಿಲು ಕೊಡುವುದೇ ನಮ್ಮ ಶರಣರು ತೋರಿದ ದಾರಿ.

ತಿಂಗಳಿಗೊಂದು ದಿನವಾದರೂ ಮೊಮ್ಮಕ್ಕಳಿಗೆಂದೇ ಮೀಸಲಿಡಿ. ಮಕ್ಕಳು ಬರಲಾಗದಿದ್ದರೆ ನೀವೇ ಹೋಗಿ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ. ತಾತನ ಟಿಕೆಟ್ಟಿಗೆ ಮಾತ್ರ ಗಂಟು ಬಿಚ್ಚಿದರಾಯಿತು. ಮಕ್ಕಳು ಊರಿಗೆ ಬಂದರೆ ನೋಡುವುದಕ್ಕೆ ದೂರ ಹೋಗಬೇಕಿಲ್ಲ. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನಲ್ಲಿ ಮರಿಗಳಿಗೆ ಗುಟುಕು ಕೊಡುವ ಹಕ್ಕಿಗಳಿವೆ. ಪಾಂಡವಪುರದಲ್ಲಿ ಕುಂತಿಬೆಟ್ಟವಿದೆ, ತೊಣ್ಣೂರಿನಲ್ಲಿ ಕೆರೆಯಿದೆ. ಕೃಷ್ಣರಾಜಪೇಟೆಯ ಮಗ್ಗುಲಲ್ಲೇ ಹೊಸಹೊಳಲಿನ ಹೊಯ್ಸಳರ ಗುಡಿಯ ಗೋಡೆಯ ಮೇಲೆ ಆನೆ ಕುದುರೆಗಳ ಸಾಲೇ ಇದೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲುಗಳಿವೆ. ಅದೂ ಆಗದಿದ್ದರೆ ಮನೆಯ ಜಗಲಿ ಇದೆ, ಅಟ್ಟದಲ್ಲಿ ಮಣೆ ಇದೆ, ತಾತನಿಗೆ ಬೆನ್ನಿದೆ.

ಅಂದು ಸಂಜೆ ನಾವು ಗುಡಿಗೆ ಹೊರಟಾಗ ಮದುವೆಗೆ ಹೋದವರು ಮರಳಿ ಬಂದರು. ಮಕ್ಕಳು ಮೂವರೂ ಮಣ್ಣು ಮೆತ್ತಿಕೊಂಡಿದ್ದರು. ಮೊಬೈಲು ರಾಗಿಯ ಡಬ್ಬದಲ್ಲೇ ಇತ್ತು, ಯಾರೂ ಕೇಳಿರಲಿಲ್ಲ. ಯಜಮಾನರು ಸೊಂಟ ಹಿಡಿದುಕೊಂಡು ಎದ್ದು ನಮ್ಮ ಪಾದ ಮುಟ್ಟಿದರು. "ಬುದ್ಧಿ, ಇವತ್ತು ಪೂಜೆಗೂ ಕೂರಲಿಲ್ಲ" ಎಂದು ಮೆಲ್ಲಗೆ ಹೇಳಿದರು. "ಬೆಳಗಿನಿಂದ ಮಾಡಿದ್ದು ಮತ್ತೇನು?" ಎಂದೆವು. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ಮೊಮ್ಮಕ್ಕಳ ನಡುವೆ ಕುಳಿತ ಹಿರಿಯರ ಪಾಲಿಗೆ ಅದು ಮರಳಿ ಅರಳುವ ಕಾಲ. ನಮ್ಮ ನಾಲ್ಕೂ ತಾಲ್ಲೂಕುಗಳ ಮನೆಮನೆಯ ಜಗಲಿಯಲ್ಲಿ ಹೆಣ್ಣು ಗಂಡೆನ್ನದೆ ಮೊಮ್ಮಕ್ಕಳ ನಗೆ ತುಂಬಲಿ, ಅದನ್ನು ಕೇಳುವ ಆಯುರಾರೋಗ್ಯ ಹಿರಿಯರಿಗೆ ದೊರೆಯಲಿ ಎಂದು ಹಾರೈಸುತ್ತೇವೆ.

ಸನ್ಮಂಗಳವಾಗಲಿ.